ಅರೆತಲೆನೋವಿಗೆ ಸಿಹಿಗುಳಿಗೆ: ಒಂದು ಪರಿಶೀಲನೆ

ಬೆಂಗಳೂರಿನ ಬಸವೇಶ್ವರನಗರದ ಡಾ. ಸಿದ್ಧಯ್ಯ ಪುರಾಣಿಕ ರಸ್ತೆಯಲ್ಲಿ ಸರ್ಕಾರಿ ಹೋಮಿಯೋಪತಿ ವೈದ್ಯಕೀಯ ಕಾಲೇಜು ಮತ್ತು ಆಸ್ಪತ್ರೆ ಇದೆ. ಸುತ್ತಲಿನ ಕಾಮಾಕ್ಷಿಪಾಳ್ಯ, ಕುರುಬರಹಳ್ಳಿ, ರಾಜಾಜಿನಗರಗಳಲ್ಲಿ ಯಾರಾದರೂ ಅರೆತಲೆನೋವು ಎಂದರೆ ಸಾಕು, "ಹೋಮಿಯೋಪತಿಗೆ ತೋರಿಸಿ ನೋಡಿ, ಸೈಡ್ ಎಫೆಕ್ಟ್ ಇಲ್ಲ" ಎನ್ನುವವರು ಒಬ್ಬರಾದರೂ ಸಿಗುತ್ತಾರೆ. ಕರ್ನಾಟಕಕ್ಕೆ ಈ ಪದ್ಧತಿ ಹೊಸದೇನಲ್ಲ. ಜೆಸುಯಿಟ್ ಪಾದ್ರಿ ಅಗಸ್ಟಸ್ ಮುಲ್ಲರ್ ಮಂಗಳೂರಿನ ಕಂಕನಾಡಿಯಲ್ಲಿ ಬಡವರಿಗೆ ಹೋಮಿಯೋಪತಿ ಮದ್ದು ಕೊಡತೊಡಗಿದ್ದು 1880ರಲ್ಲಿ. ಇಷ್ಟು ಕಾಲ ಜನ ನಂಬಿಕೊಂಡು ಬಂದ ಪದ್ಧತಿಯನ್ನು ಗೇಲಿ ಮಾಡಿ ತಳ್ಳಿಹಾಕಬಾರದು. ಹಳೆಯದೆಂಬ ಕಾರಣಕ್ಕೆ ಒಪ್ಪಿಕೊಳ್ಳಲೂಬಾರದು. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ: ಅರೆತಲೆನೋವಿನ ವಿಷಯದಲ್ಲಿ ಹೋಮಿಯೋಪತಿ ವೈದ್ಯರು ಕೇಳುವ ಪ್ರಶ್ನೆಗಳಿಗೆ ಬೆಲೆಯಿದೆ, ಕೊನೆಯಲ್ಲಿ ಕೈಗೆ ಬರುವ ಗುಳಿಗೆಗೆ ಇಲ್ಲ.

ಕಾಯಿಲೆ ಸಣ್ಣದಲ್ಲ. ನಿಮ್ಹಾನ್ಸ್‌ನ ಜಿ. ಗುರುರಾಜ್ ಮತ್ತು ಸಂಗಡಿಗರು ಬೆಂಗಳೂರಿನ ಪೇಟೆ ಮತ್ತು ಹಳ್ಳಿಗಳಲ್ಲಿ 18ರಿಂದ 65 ವರ್ಷದೊಳಗಿನ 2,329 ಜನರನ್ನು ಮಾತನಾಡಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ವರ್ಷವೊಂದರಲ್ಲಿ ಅರೆತಲೆನೋವು, ಅಂದರೆ ಮೈಗ್ರೇನ್, ಕಾಡಿದವರ ಪ್ರಮಾಣ ಶೇ. 25.2. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು, ಪೇಟೆಗಿಂತ ಹಳ್ಳಿಯಲ್ಲಿ ಹೆಚ್ಚು. ಇದು ಟ್ರಾಫಿಕ್ಕು, ಕಂಪ್ಯೂಟರಿನಿಂದ ಬಂದ ಪೇಟೆ ಕಾಯಿಲೆ ಎಂಬ ಮಾತು ಈ ಲೆಕ್ಕದ ಮುಂದೆ ನಿಲ್ಲುವುದಿಲ್ಲ.

ಆದರೂ ಗುರುತು ಹಿಡಿಯುವುದರಲ್ಲೇ ಎಡವುತ್ತೇವೆ. ವಾಂತಿಯಾದ ಮೇಲೆ ನೋವು ಇಳಿದರೆ "ಪಿತ್ತ" ಎನ್ನುತ್ತೇವೆ. ಹಣೆ ಹಿಡಿದರೆ "ಸೈನಸ್". ಕಣ್ಣಿನ ಹಿಂದೆ ಮಿಡಿದರೆ ಕನ್ನಡಕದ ಅಂಗಡಿಗೆ ಹೋಗುತ್ತೇವೆ. ಮೈಗ್ರೇನ್ ಪತ್ತೆಗೆ ಸ್ಕ್ಯಾನ್ ಬೇಕಿಲ್ಲ, ರೋಗಿಯ ಮಾತು ಬೇಕು. ಮದ್ದಿಲ್ಲದೆ ಬಿಟ್ಟರೆ 4ರಿಂದ 72 ಗಂಟೆ ಇರುವ ನೋವು. ಒಂದೇ ಪಕ್ಕ, ನಾಡಿ ಹೊಡೆದಂತೆ ಮಿಡಿತ, ಮೆಟ್ಟಿಲು ಹತ್ತಿದರೆ ಏರುವುದು, ಮಧ್ಯಮ ಅಥವಾ ಹೆಚ್ಚಿನ ತೀವ್ರತೆ, ಇವುಗಳಲ್ಲಿ ಎರಡಾದರೂ ಇರಬೇಕು. ಜೊತೆಗೆ ಓಕರಿಕೆ, ಇಲ್ಲವೇ ಬೆಳಕು ಮತ್ತು ಸದ್ದು ಎರಡನ್ನೂ ಸಹಿಸಲಾಗದ ಸ್ಥಿತಿ. ಇಂಥ ದಾಳಿ ಕನಿಷ್ಠ ಐದು ಸಲ ಆಗಿರಬೇಕು. ಕೆಲವರಿಗೆ ನೋವಿಗೆ ಮುಂಚೆ ಕಣ್ಣೆದುರು ಅಂಕುಡೊಂಕು ಬೆಳಕಿನ ಗೆರೆಗಳು 5 ನಿಮಿಷದಿಂದ ಒಂದು ಗಂಟೆಯವರೆಗೆ ಮಿನುಗುತ್ತವೆ. ಇದಕ್ಕೆ ಆರಾ ಎನ್ನುತ್ತಾರೆ. ನೋವು ಎರಡೂ ಪಕ್ಕ ಬರುವುದೂ ಉಂಟು. ಹಾಗಾಗಿ "ಅರ್ಧ ತಲೆ ಅಲ್ಲವಲ್ಲ" ಎಂದು ತಳ್ಳಿಹಾಕಬಾರದು.

ರೋಗಿಯ ಬಾಯಿಂದ ಈ ಮಾತು ಹೊರಡಿಸುವುದರಲ್ಲಿ ಹೋಮಿಯೋಪತಿ ನಿಜಕ್ಕೂ ಮುಂದಿದೆ. "ನೋವು ಬಲಗಡೆಗೋ ಎಡಗಡೆಗೋ ಅಮ್ಮ? ಬಿಸಿಲಿಗೆ ಹೋದರೆ ಜಾಸ್ತಿಯೇ? ಮುಟ್ಟಿನ ಹಿಂದುಮುಂದು ಬರುತ್ತದೆಯೇ? ನಿದ್ದೆ ಹೇಗೆ?" ಎಂದು ವೈದ್ಯರು ಕೇಳುತ್ತಾ ಹೋಗುತ್ತಾರೆ. ದೊಡ್ಡ ಆಸ್ಪತ್ರೆಯ ಓಪಿಡಿಯಲ್ಲಿ ಎರಡು ನಿಮಿಷಕ್ಕೆ ಚೀಟಿ ಹಿಡಿದು ಹೊರಬಿದ್ದ ಹೆಣ್ಣುಮಗಳಿಗೆ ಇದೇ ಅರ್ಧ ಸಮಾಧಾನ.

ತಕರಾರು ಇರುವುದು ಆ ಉತ್ತರಗಳನ್ನು ಬಳಸುವ ರೀತಿಯಲ್ಲಿ. ಬಲಗಡೆಯ ನೋವು ಸೂರ್ಯನೊಂದಿಗೆ ಏರಿ ಇಳಿದರೆ ಸಾಂಗ್ವಿನೇರಿಯ, ಎಡಗಡೆಯದಾದರೆ ಸ್ಪೈಜೀಲಿಯ, ಮುಖ ಕೆಂಪಾಗಿ ಮಿಡಿದರೆ ಬೆಲಡೋನ, ಬಿಸಿಲಿನ ನೋವಿಗೆ ಗ್ಲೋನಾಯಿನ್, ಕಣ್ಣು ಮಂಜಾಗಿ ವಾಂತಿಯಾದರೆ ಐರಿಸ್ ಎಂದು ಮದ್ದು ಹಂಚಿಹೋಗುತ್ತದೆ. ಮೈಗ್ರೇನ್ ಒಬ್ಬರಲ್ಲೇ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಬರುತ್ತದೆ. ಪಕ್ಕ ಬದಲಾದೊಡನೆ ಮದ್ದು ಬದಲಿಸಲು ಕಾಯಿಲೆಯಲ್ಲಿ ಯಾವ ಆಧಾರವೂ ಇಲ್ಲ. 30ಸಿ ಎಂದು ಬರೆದ ಮದ್ದನ್ನು ನೂರಕ್ಕೆ ಒಂದರಂತೆ ಮೂವತ್ತು ಸಲ ತೆಳುಮಾಡಿರುತ್ತಾರೆ. ಹನ್ನೆರಡನೆಯ ಸಲ ದಾಟುವಷ್ಟರಲ್ಲೇ ಮೂಲವಸ್ತುವಿನ ಒಂದು ಅಣುವೂ ಉಳಿಯುವ ಸಂಭವ ಕಡಿಮೆ. ನಾಲಿಗೆ ಕೆಳಗೆ ಕರಗುವುದು ಸಕ್ಕರೆ.

ಸಿದ್ಧಾಂತ ಹೇಗಾದರೂ ಇರಲಿ, ನೋವು ಇಳಿಯುತ್ತದೆಯೇ? 1991ರಲ್ಲಿ ಇಟಲಿಯ ಒಂದು ಪ್ರಯೋಗ ಹೋಮಿಯೋಪತಿಗೆ ದೊಡ್ಡ ಗೆಲುವು ತೋರಿಸಿತ್ತು. ಆ ಫಲ ನಂತರದ ಪ್ರಯೋಗಗಳಲ್ಲಿ ಕಾಣಲಿಲ್ಲ. ಲಂಡನ್ನಿನಲ್ಲಿ ನಡೆದು 1997ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 60 ರೋಗಿಗಳು ನಾಲ್ಕು ತಿಂಗಳು ಪೂರೈಸಿದರು. ಯಾರಿಗೆ ಹೋಮಿಯೋಪತಿ, ಯಾರಿಗೆ ಮದ್ದಿಲ್ಲದ ಬರಿಯ ಗುಳಿಗೆ ಎಂಬುದು ರೋಗಿಗೂ ಗೊತ್ತಿರಲಿಲ್ಲ, ವೈದ್ಯರಿಗೂ ಗೊತ್ತಿರಲಿಲ್ಲ. ದಾಳಿಗಳು ಹೋಮಿಯೋಪತಿ ಪಡೆದವರಲ್ಲಿ ಶೇ. 19, ಬರಿಯ ಗುಳಿಗೆ ಪಡೆದವರಲ್ಲಿ ಶೇ. 16 ಕಡಿಮೆಯಾದವು. ಗಣನೆಗೆ ಬರುವ ವ್ಯತ್ಯಾಸವಲ್ಲ. ಇದನ್ನು ನಡೆಸಿದವರಲ್ಲಿ ಒಬ್ಬರಾದ ತಿಮೊತಿ ಸ್ಟೈನರ್ ಅವರೇ ಮುಂದೆ ನಿಮ್ಹಾನ್ಸ್ ತಂಡದ ಜೊತೆ ನಮ್ಮ ತಲೆನೋವುಗಳನ್ನೂ ಎಣಿಸಿದರು. 2015ರಲ್ಲಿ ಆಸ್ಟ್ರೇಲಿಯಾದ ರಾಷ್ಟ್ರೀಯ ಆರೋಗ್ಯ ಮತ್ತು ವೈದ್ಯಕೀಯ ಸಂಶೋಧನಾ ಮಂಡಳಿ ಹೋಮಿಯೋಪತಿಯನ್ನು ಒಟ್ಟಾರೆ ತೂಗಿ ನೋಡಿ, ಅದು ಪರಿಣಾಮಕಾರಿ ಎನ್ನಲು ನಂಬಬಹುದಾದ ಸಾಕ್ಷ್ಯವಿರುವ ಒಂದು ಕಾಯಿಲೆಯೂ ಇಲ್ಲ ಎಂದಿತು.

ಹಾಗಾದರೆ "ನನಗೆ ವಾಸಿಯಾಯಿತು" ಎನ್ನುವವರು ಸುಳ್ಳು ಹೇಳುತ್ತಾರೆಯೇ? ಖಂಡಿತ ಇಲ್ಲ. ಮೈಗ್ರೇನ್ ತಾನಾಗಿಯೇ ಮುಗಿಯುವ ದಾಳಿ, ಏರಿಳಿಯುತ್ತಾ ಸಾಗುವ ಕಾಯಿಲೆ. ಜನ ವೈದ್ಯರ ಬಳಿ ಹೋಗುವುದು ತಿಂಗಳುಗಳಲ್ಲೇ ಕೆಟ್ಟ ತಿಂಗಳಲ್ಲಿ. ಮುಂದಿನ ತಿಂಗಳು ಅದು ಸಹಜವಾಗಿಯೇ ತಗ್ಗುತ್ತದೆ. ದಿನವೂ ನುಂಗುತ್ತಿದ್ದ ನೋವಿನ ಮಾತ್ರೆಯನ್ನು ಅದೇ ಹೊತ್ತಿಗೆ ಬಿಟ್ಟಿದ್ದರಂತೂ ನಿಜವಾದ ಲಾಭವೇ ಆಗಿರುತ್ತದೆ.

ಆ ಲಾಭದ ಹಿಂದೆ ಅಲೋಪತಿ ಬಳಕೆಯ ತಪ್ಪೊಂದಿದೆ. ಮೆಡಿಕಲ್ ಸ್ಟೋರಿನಲ್ಲಿ "ತಲೆನೋವಿಗೆ ಒಂದು ಮಾತ್ರೆ ಕೊಡಿ" ಎಂದರೆ ಚೀಟಿ ಕೇಳದೆ ಕೊಡುವುದು ನಮ್ಮ ರೂಢಿ. ಸಾಮಾನ್ಯ ನೋವು ನಿವಾರಕವನ್ನು ತಿಂಗಳಿಗೆ 15 ದಿನ, ಎರ್ಗೊಟಮಿನ್, ಟ್ರಿಪ್ಟಾನ್ ಅಥವಾ ಬೆರಕೆ ಮಾತ್ರೆಗಳನ್ನು 10 ದಿನ ಮೂರು ತಿಂಗಳಿಗೂ ಹೆಚ್ಚು ಕಾಲ ನುಂಗುತ್ತಾ ಹೋದರೆ ಮಾತ್ರೆಯೇ ತಲೆನೋವು ತರುತ್ತದೆ. ಕೆಲಸ ಮಾಡುವ ಮದ್ದು ಇದೆ, ಕ್ರಮ ಬೇಕು. ನೋವು ಶುರುವಾದೊಡನೆ ಐಬುಪ್ರೊಫೆನ್ ಅಥವಾ ನ್ಯಾಪ್ರೊಕ್ಸೆನ್, ಓಕರಿಕೆಗೆ ಡಾಂಪೆರಿಡೋನ್. ಅದಕ್ಕೆ ಬಗ್ಗದಿದ್ದರೆ ಸುಮಾಟ್ರಿಪ್ಟಾನ್ ಅಥವಾ ರೈಜಾಟ್ರಿಪ್ಟಾನ್, ಇವು ಹೃದ್ರೋಗ ಇದ್ದವರಿಗೆ ಕೂಡದು. ತಿಂಗಳಿಗೆ ನಾಲ್ಕು ದಿನ ಅಥವಾ ಹೆಚ್ಚು ಕಾಡಿದರೆ ತಡೆಮದ್ದು: ಪ್ರೊಪ್ರನಲಾಲ್, ಅಮಿಟ್ರಿಪ್ಟಿಲಿನ್, ಫ್ಲುನಾರಿಜಿನ್, ಟೊಪಿರಮೇಟ್. ಆಸ್ತಮಾ ಇದ್ದವರಿಗೆ ಪ್ರೊಪ್ರನಲಾಲ್ ಆಗದು. ಮಕ್ಕಳಾಗುವ ವಯಸ್ಸಿನ ಹೆಂಗಸರಿಗೆ ಟೊಪಿರಮೇಟ್ ಬಗ್ಗೆ ಎಚ್ಚರ ಬೇಕು. ಆಯ್ಕೆ ವೈದ್ಯರದ್ದೇ ಆಗಿರಬೇಕು. ಎರಡು ಮೂರು ತಿಂಗಳು ತೆಗೆದುಕೊಂಡ ಮೇಲೆ ಫಲ ತೂಗಬೇಕು; ಎರಡೇ ವಾರಕ್ಕೆ "ಆಗಲಿಲ್ಲ" ಎಂದು ಬಿಟ್ಟುಬಿಡುವವರೇ ಹೆಚ್ಚು.

ತಡೆಯುವ ವಿಷಯಕ್ಕೆ ಬಂದರೆ ಮನೆಯ ನಿತ್ಯಕ್ರಮವನ್ನೇ ನೋಡಬೇಕು. ಮುಂಬಯಿಯ ಕೆ. ರವಿಶಂಕರ್ ಅವರು ತಲೆಗೆ ಸ್ನಾನ ಮಾಡಿದ ಮೇಲೆ ಮೈಗ್ರೇನ್ ಏಳುವ 94 ಭಾರತೀಯ ರೋಗಿಗಳ ಬಗ್ಗೆ 2006ರಲ್ಲಿ ಬರೆದರು. ಶುಕ್ರವಾರ ಎಣ್ಣೆ ಹಚ್ಚಿ ತಲೆಗೆ ಎರೆದುಕೊಂಡು, ಒದ್ದೆ ಕೂದಲಿನಲ್ಲೇ ಪೂಜೆ ಮುಗಿಸಿ, ಹನ್ನೆರಡಕ್ಕೆ ಮೊದಲ ತುತ್ತು ಬಾಯಿಗಿಡುವ ಗೃಹಿಣಿಗೆ ಸ್ನಾನವೂ ಉಪವಾಸವೂ ಒಂದೇ ಬೆಳಗಿನಲ್ಲಿ ಸೇರಿಕೊಳ್ಳುತ್ತವೆ. ಕೂದಲನ್ನು ಬೇಗ ಒಣಗಿಸುವುದು, ಹೊತ್ತಿಗೆ ಸರಿಯಾಗಿ ತಿಂಡಿ, ಒಂದೇ ಸಮಯದ ನಿದ್ದೆ, ಇವುಗಳಿಗೆ ದುಡ್ಡು ಬೇಕಿಲ್ಲ. ಹೋಮಿಯೋಪತಿ ಪಥ್ಯವೆಂದು ಕಾಫಿಯನ್ನು ಒಮ್ಮೆಲೇ ಬಿಡಿಸಿದರೆ ಮೊದಲ ಕೆಲವು ದಿನ ಅದೇ ತಲೆನೋವು ತರುತ್ತದೆ, ನಿಧಾನವಾಗಿ ಇಳಿಸಬೇಕು.

"ಸೈಡ್ ಎಫೆಕ್ಟ್ ಇಲ್ಲ" ಎಂಬ ಭರವಸೆಯ ನಿಜವಾದ ಅಪಾಯ ತಡವಾಗುವುದು. ಸಿಡಿಲು ಬಡಿದಂತೆ ಒಮ್ಮೆಲೇ ಎರಗಿದ ನೋವು, ಜ್ವರದ ಜೊತೆ ಬಿಗಿದ ಕುತ್ತಿಗೆ, ಕೈಕಾಲಿನ ಸೋಲು, ತೊದಲು, 50 ದಾಟಿದ ಮೇಲೆ ಮೊದಲ ಬಾರಿಗೆ ಬಂದ ತಲೆನೋವು, ಬಸುರಿ ಬಾಣಂತಿಯರ ಹೊಸ ತಲೆನೋವು: ಇವು ಕಂಡರೆ ಯಾವ ಗುಳಿಗೆಗೂ ಕಾಯಬಾರದು, ನೇರ ಆಸ್ಪತ್ರೆಗೆ ಹೋಗಬೇಕು. ಆರಾ ಇರುವ ಹೆಣ್ಣುಮಕ್ಕಳು ಈಸ್ಟ್ರೋಜೆನ್ ಬೆರೆತ ಗರ್ಭನಿರೋಧಕ ಮಾತ್ರೆ ನುಂಗಿದರೆ ಪಾರ್ಶ್ವವಾಯುವಿನ ಅಪಾಯ ಏರುತ್ತದೆ. ಬಂದವರಿಗೆ ಈ ಮಾತು ಹೇಳುವ ಹೊಣೆ ಎಲ್ಲ ಪದ್ಧತಿಯ ವೈದ್ಯರದ್ದೂ ಹೌದು.

ಸರ್ಕಾರದ ಹಣದಿಂದ ನಡೆಯುವ ಆಸ್ಪತ್ರೆಗಳನ್ನು ನಾವು ಕೇಳಬೇಕಾದದ್ದು ಇಷ್ಟು. ತಲೆನೋವೆಂದು ಬಂದವರ ಚೀಟಿಯಲ್ಲಿ ಮದ್ದಿನ ಹೆಸರಿನ ಜೊತೆಗೆ ಕಾಯಿಲೆಯ ಹೆಸರನ್ನೂ, ತಿಂಗಳಿಗೆ ಎಷ್ಟು ದಿನ ನೋವು, ಎಷ್ಟು ದಿನ ಮಾತ್ರೆ ಎಂಬುದನ್ನೂ ಬರೆಯಲಿ. ಮೂರು ತಿಂಗಳಲ್ಲಿ ನೋವಿನ ದಿನಗಳು ಅರ್ಧಕ್ಕೆ ಇಳಿಯದಿದ್ದರೆ ನರರೋಗ ವೈದ್ಯರಿಗೆ ಕಳುಹಿಸಲಿ. ರೋಗಿಗಳೂ ಕ್ಯಾಲೆಂಡರಿನಲ್ಲಿ ನೋವಿನ ದಿನಕ್ಕೆ ಒಂದು ಗುರುತು, ಮಾತ್ರೆಯ ದಿನಕ್ಕೆ ಇನ್ನೊಂದು ಗುರುತು ಹಾಕಿಕೊಂಡು ಹೋಗಲಿ. ಈ ಲೆಕ್ಕ ಕೈಯಲ್ಲಿದ್ದರೆ ಯಾವ ಮದ್ದು ನಿಜವಾಗಿ ನೋವು ಇಳಿಸುತ್ತಿದೆ ಎಂದು ರೋಗಿಗಳೇ ಹೇಳಬಲ್ಲರು.