ವಲ್ಲಾರ್ಪಾಡದ ಪೊರಕೆ, ತಾಳ್ಮೆಯ ಉಪದೇಶ

ತಾಯ್ತನದ ಕಷ್ಟಗಳಲ್ಲಿ ಕ್ರೈಸ್ತ ನಂಬಿಕೆ ಹೆಣ್ಣಿಗೆ ಏನು ಕೊಡುತ್ತದೆ ಎಂದು ಕೇರಳದಲ್ಲಿ ಕೇಳಿ ನೋಡಿ. ಪಾದ್ರಿಗಳೂ ವಿಚಾರವಾದಿಗಳೂ ಅಪರೂಪಕ್ಕೆ ಒಂದೇ ಉತ್ತರ ಕೊಡುತ್ತಾರೆ: ತಾಳ್ಮೆ. ಪಾದ್ರಿಗಳು ಅದನ್ನು ಹೊಗಳುತ್ತಾರೆ. ಶಿಲುಬೆಯ ಬುಡದಲ್ಲಿ ನಿಂತ ಮರಿಯಳನ್ನು ತೋರಿಸಿ, ನಿನ್ನ ನಿದ್ದೆಗೆಟ್ಟ ರಾತ್ರಿಗಳನ್ನೂ ಹಾಗೇ ಒಪ್ಪಿಸಿಬಿಡು ಅನ್ನುತ್ತಾರೆ. ವಿಚಾರವಾದಿಗಳು ಅದನ್ನೇ ಹಳಿಯುತ್ತಾರೆ. ಹೆಣ್ಣನ್ನು ಸುಮ್ಮನಿರಿಸಲು ಗಂಡಸರು ಕಂಡುಕೊಂಡ ಹಳೆಯ ಉಪಾಯ ಅನ್ನುತ್ತಾರೆ. ಜಗಳವಿರುವುದು ಬೆಲೆ ಕಟ್ಟುವುದರಲ್ಲಿ ಮಾತ್ರ. ಸರಕು ಯಾವುದೆಂಬ ಬಗ್ಗೆ ಇಬ್ಬರಿಗೂ ಅನುಮಾನವಿಲ್ಲ.

ನನಗಿದೆ. ಕೊಚ್ಚಿಯಲ್ಲೂ ತಿರುವನಂತಪುರದಲ್ಲೂ ತಾಯಂದಿರಿಗೆ ನಂಬಿಕೆಯಿಂದ ನಿಜವಾಗಿ ದಕ್ಕಿದ್ದು ಹೊರೆ ಇಳಿಸಲು ಒಂದು ಜಾಗ, ಕೂಸನ್ನು ಎತ್ತಿಕೊಳ್ಳಲು ಇನ್ನೊಬ್ಬರ ಕೈ, ಮನೆಯವರಿಗೆ 'ಆಗುವುದಿಲ್ಲ' ಎನ್ನಲು ಒಂದು ಗಟ್ಟಿ ಕಾರಣ. ಬರೀ ತಾಳ್ಮೆಯನ್ನು ಹಂಚಿದ ಕಡೆಯೆಲ್ಲ ಅದು ಹೊರೆಯ ಮೇಲಿನ ಹೊರೆಯಾಗಿದೆ.

ಎರ್ನಾಕುಳಂ ದಡದಿಂದ ಗೋಶ್ರೀ ಸೇತುವೆ ಹಿಡಿದರೆ ವಲ್ಲಾರ್ಪಾಡಂ ದ್ವೀಪ. ಒಂದು ಮಗ್ಗುಲಲ್ಲಿ ಕಂಟೇನರ್ ಟರ್ಮಿನಲ್ಲಿನ ಕ್ರೇನುಗಳು, ಇನ್ನೊಂದು ಮಗ್ಗುಲಲ್ಲಿ ವಿಮೋಚನಾ ಮಾತೆಯ ಬಸಿಲಿಕಾ. ಪೋರ್ಚುಗೀಸರು 1524ರಲ್ಲಿ ಕಟ್ಟಿದ ಮೊದಲ ಇಗರ್ಜಿ 1676ರ ನೆರೆಯಲ್ಲಿ ಹೋಯಿತು. ನೀರಿನಲ್ಲಿ ತೇಲುತ್ತಿದ್ದ ಮಾತೆಯ ಪಟವನ್ನು ಎತ್ತಿ ತಂದು, ಹೊಸ ಇಗರ್ಜಿಗೆ ಜಾಗ ಕೊಟ್ಟವರು ಕೊಚ್ಚಿ ರಾಜ್ಯದ ಮಂತ್ರಿಮನೆತನದ ಪಾಲಿಯತ್ತ್ ಅಚ್ಚನ್ ಎಂಬುದು ಅಲ್ಲಿನ ಪರಂಪರೆ. ಆದರೆ ಜನ ಅಲ್ಲಿಗೆ ಹೋಗುವುದು ಇದಕ್ಕಾಗಿ ಅಲ್ಲ, ಮೀನಾಕ್ಷಿ ಅಮ್ಮನಿಗಾಗಿ. 1752ರಲ್ಲಿ ನಾಯರ್ ಮನೆತನದ ಈ ಹೆಂಗಸು ಹಸುಗೂಸಿನೊಂದಿಗೆ ದೋಣಿಯಲ್ಲಿ ಮಟ್ಟಂಚೇರಿಗೆ ಹೊರಟಿದ್ದಳು. ಬಿರುಗಾಳಿಗೆ ದೋಣಿ ಮಗುಚಿತು. ಮೂರನೆಯ ದಿನ ಇಗರ್ಜಿಯ ಪಾದ್ರಿಗೆ ಕನಸಾಗಿ, ಅವರ ಮಾತಿನಂತೆ ಬೆಸ್ತರು ಹಿನ್ನೀರಿಗೆ ಬಲೆ ಬೀಸಿದರೆ, ತಾಯಿ ಮಗು ಇಬ್ಬರೂ ಜೀವಂತ ಮೇಲೆ ಬಂದರು. ಆಮೇಲೆ ಇಬ್ಬರೂ ದೀಕ್ಷಾಸ್ನಾನ ಪಡೆದು ಮೇರಿ, ಯೇಸುದಾಸ್ ಎಂದು ಹೆಸರಾದರು. ಆಕೆ ಉಳಿದ ಆಯುಷ್ಯವನ್ನು ಇಗರ್ಜಿಯ ಅಂಗಳ ಗುಡಿಸುತ್ತಾ ಕಳೆದಳು.

ಇದು ನಡೆಯಿತೇ ಇಲ್ಲವೇ ಎಂಬ ಚರ್ಚೆ ನನಗೆ ಬೇಡ. ಐತಿಹ್ಯ ಯಾರನ್ನು ಉಳಿಸಿಕೊಂಡಿತು ಎಂಬುದನ್ನು ನೋಡಿ. ನಾವು ಕನ್ನಡದವರು ತಾಯಿ ಎಂದೊಡನೆ ನೆನೆಯುವುದು ಪುಣ್ಯಕೋಟಿಯನ್ನು. ಕರುವಿಗೆ ಹಾಲೂಡಿಸಿ, ಅದನ್ನು ಒಡನಾಡಿ ಹಸುಗಳ ಕೈಗೆ ಒಪ್ಪಿಸಿ, ಸಾಯಲೆಂದೇ ಹುಲಿಯ ಬಳಿಗೆ ಹಿಂದಿರುಗುವವಳು ಅವಳು. ಅಂಥ ಕತೆಯ ಲೆಕ್ಕದಲ್ಲಿ ಮೀನಾಕ್ಷಿ ಅಮ್ಮ ಮಗುವನ್ನು ನೀರಿನ ಮೇಲೆ ಎತ್ತಿಹಿಡಿದು ತಾನು ಮುಳುಗಬೇಕಿತ್ತು. ಊರು ಅವಳ ತ್ಯಾಗವನ್ನು ಇನ್ನೂರೈವತ್ತು ವರ್ಷ ಹಾಡುತ್ತಿತ್ತು. ಹಿನ್ನೀರಿನ ಬಡ ಬೆಸ್ತರ ಕತೆಗೆ ಅದು ಸಾಲಲಿಲ್ಲ. ಬಲೆಯಲ್ಲಿ ತಾಯಿಯೂ ಬರಬೇಕು ಅಂದಿತು ಆ ಕತೆ. ಮಾತೆಯ ಪಟದ ಕೆಳಗೆ ಈ ಇಬ್ಬರನ್ನೂ ಸೇರಿಸಿ ಬರೆಸಿದ್ದಾರೆ. ಮಗುವನ್ನು ಮಾತ್ರ ಬರೆಸಿದ್ದರೆ ಯಾರೂ ಕೇಳುತ್ತಿರಲಿಲ್ಲ.

ಅಂಗಳ ಗುಡಿಸುವುದು ಇವತ್ತಿಗೂ ಅಲ್ಲಿನ ದೊಡ್ಡ ಹರಕೆ. ಪೊರಕೆ ಹಿಡಿದ ಹೆಂಗಸರನ್ನು ಒಂದಷ್ಟು ಹೊತ್ತು ನಿಂತು ನೋಡಬೇಕು. ಗುಡಿಸಲು ಅಲ್ಲಿ ಕಸವೇ ಇರುವುದಿಲ್ಲ. ಒಬ್ಬಳು ಗುಡಿಸಿಹೋದಲ್ಲೇ ಇನ್ನೊಬ್ಬಳು ಗುಡಿಸುತ್ತಾಳೆ. ಅಷ್ಟು ಹೊತ್ತು ಕೂಸು ಅತ್ತೆಯ ತೋಳಲ್ಲೋ ಗಂಡನ ಹೆಗಲ ಮೇಲೋ ಇರುತ್ತದೆ. ಅತ್ತರೆ ಅವರೇ ತಟ್ಟಬೇಕು. ಮನೆಯಲ್ಲಾದರೆ ಪೊರಕೆ ಬಿಸಾಡಿ ಓಡಬೇಕಾದವಳು ಇಲ್ಲಿ ಓಡುವಂತಿಲ್ಲ, ಹರಕೆ ನಡೆಯುತ್ತಿದೆಯಲ್ಲ! ಇದನ್ನು ಕಂಡು 'ಪಾಪ, ದೇವರ ಮನೆಯಲ್ಲೂ ಹೆಂಗಸಿಗೆ ಕಸ ಗುಡಿಸುವ ಕೆಲಸವೇ' ಎಂದು ಮರುಗುವ ಸ್ತ್ರೀವಾದಿ ಗೆಳತಿಯರಿದ್ದಾರೆ. ಅವರ ಕಣ್ಣು ಪೊರಕೆಯ ಮೇಲಿದೆ. ಕೂಸು ಯಾರ ಕೈಯಲ್ಲಿದೆ ಎಂದು ಅವರು ನೋಡಿಲ್ಲ.

ಅಲ್ಲಿಯದೇ ಇನ್ನೊಂದು ಹರಕೆ ಅಡಿಮ. ಮಗುವನ್ನು ಮಾತೆಯ ಮುಂದೆ ತಂದು, ಇದು ನಿನ್ನದು ಎಂದು ಒಪ್ಪಿಸುವುದು. ಒಪ್ಪಿಸಿದ ಮೇಲೆ ಅದೇ ಮಗುವನ್ನು ಎತ್ತಿಕೊಂಡು ಮನೆಗೆ ಬರುತ್ತಾರೆ ಎನ್ನುವುದು ಸರಿ. ಆದರೆ ಮಗುವಿಗೆ ಜ್ವರ ಬಂದರೆ, ಮಾತು ತಡವಾದರೆ, ತೂಕ ಏರದಿದ್ದರೆ, 'ನೀನು ಏನು ತಿಂದೆ, ಏನು ಮಾಡಿದೆ' ಎಂದು ಇಡೀ ಬಂಧುಬಳಗ ಬೆರಳು ತೋರಿಸುವುದು ತಾಯಿಯ ಕಡೆಗೇ. ಆ ಬೆರಳಿನ ಮುಂದೆ ಮಗುವಿಗೆ ತಾನೊಬ್ಬಳೇ ವಾರಸುದಾರಳಲ್ಲ ಎಂದು ನಂಬುವುದು ಸಣ್ಣ ಧೈರ್ಯವೇನಲ್ಲ. ತಾಳ್ಮೆಗೂ ಇದಕ್ಕೂ ನಂಟಿಲ್ಲ. ಇದು ಜವಾಬ್ದಾರಿಯನ್ನು ಹಂಚಿಕೊಳ್ಳುವ ಮಾತು.

2025ರ ನವೆಂಬರ್ 8ರಂದು ಇದೇ ಬಸಿಲಿಕಾದ ಅಂಗಳದಲ್ಲಿ ಹತ್ತೊಂಬತ್ತನೆಯ ಶತಮಾನದ ಕನ್ಯಾಸ್ತ್ರೀ ಮದರ್ ಏಲೀಶ್ವಾ ಅವರನ್ನು ಧನ್ಯರೆಂದು ಘೋಷಿಸಿದರು. ಅವರ ಮಧ್ಯಸ್ಥಿಕೆಯಿಂದ ಗರ್ಭದಲ್ಲಿದ್ದ ಕೂಸಿನ ಸೀಳುತುಟಿ ವಾಸಿಯಾಯಿತೆಂಬುದನ್ನು ಚರ್ಚು ಪವಾಡವೆಂದು ಒಪ್ಪಿತ್ತು. ಆ ಸಂದರ್ಭದಲ್ಲಿ ಬಂದ ಲೇಖನ, ಭಾಷಣಗಳ ದನಿ ಹೆಚ್ಚೂಕಡಿಮೆ ಒಂದೇ: ಸಂಸಾರದ ಸುಖ ತೊರೆದ ತ್ಯಾಗಮಯಿ, ಮೌನದ ತಪಸ್ವಿನಿ. ಅವರ ಬದುಕಿನ ತಾರೀಖುಗಳನ್ನು ಸಾಲಾಗಿ ಇಟ್ಟು ಓದಿದರೆ ನನಗೆ ಬೇರೆ ಹೆಂಗಸು ಕಾಣುತ್ತಾಳೆ.

ಏಲೀಶ್ವಾ ಹುಟ್ಟಿದ್ದು 1831ರಲ್ಲಿ, ವೈಪೀನ್ ದ್ವೀಪದ ಓಚ್ಚಂತುರುತ್ತಿನಲ್ಲಿ. 1847ರಲ್ಲಿ ವಾಕಯಿಲ್ ಮನೆತನದ ವತ್ತಾರುವಿನೊಂದಿಗೆ ಮದುವೆ. 1850ರಲ್ಲಿ ಮಗಳು ಅನ್ನಾ. 1851ರಲ್ಲಿ ಗಂಡ ತೀರಿಕೊಂಡ. ಇಪ್ಪತ್ತರ ಆಸುಪಾಸಿನ ಎಳೆಯ ವಿಧವೆ, ಕೈಯಲ್ಲಿ ಕೂಸು, ಹಿಂದೆ ಅನುಕೂಲಸ್ಥ ಮನೆತನ. ಮರುಮದುವೆಗೆ ಮನೆಯವರ ಒತ್ತಾಯ ಬಂತು, ಆಕೆ ಒಪ್ಪಲಿಲ್ಲ. ಆ ಕಾಲದಲ್ಲಿ ಹೆಣ್ಣು 'ನನಗೆ ಇಷ್ಟವಿಲ್ಲ' ಅಂದರೆ ಯಾರು ಕೇಳುತ್ತಿದ್ದರು? 'ನನ್ನನ್ನು ದೇವರಿಗೆ ಕೊಟ್ಟುಕೊಂಡಿದ್ದೇನೆ' ಅಂದಾಗ ಮಾತ್ರ ಅಪ್ಪ ಅಣ್ಣಂದಿರ ಬಾಯಿ ಕಟ್ಟುತ್ತದೆ. ಪ್ರಾರ್ಥನೆಯ ವರ್ಷಗಳು ಎಂದು ಚರಿತ್ರೆಕಾರರು ಬರೆಯುವ ಆ ದೀರ್ಘ ಕಾಲದಲ್ಲಿ ಆಕೆ ಮಗಳನ್ನು ಬೆಳೆಸುತ್ತಿದ್ದಳು ಎಂಬುದನ್ನು ಯಾರೂ ಒತ್ತಿ ಹೇಳುವುದಿಲ್ಲ. ದೇವರಿಗೆ ಕೊಟ್ಟುಕೊಂಡವಳು ಕೂಸನ್ನು ಬಿಟ್ಟು ಎಲ್ಲಿಗೂ ಹೋಗಲಿಲ್ಲ.

1866ರ ಫೆಬ್ರವರಿ 13ರಂದು ವರಾಪುಳದ ಹತ್ತಿರದ ಕೂನಮ್ಮಾವಿನಲ್ಲಿ, ಬಿದಿರಿನ ತಟ್ಟಿಯ ಮನೆಯಲ್ಲಿ ಕೇರಳದ ಮೊದಲ ಸ್ಥಳೀಯ ಕನ್ಯಾಸ್ತ್ರೀ ಸಭೆ ಶುರುವಾಯಿತು. ಮೊದಲ ಸದಸ್ಯರು ಮೂವರು: ಏಲೀಶ್ವಾ, ಮಗಳು ಅನ್ನಾ, ತಂಗಿ ತ್ರೇಸ್ಯಾ. ತಾಯಿ, ಮಗಳು, ಚಿಕ್ಕಮ್ಮ. ಧರ್ಮಸಭೆಯ ಹೆಸರನ್ನು ಒಂದು ಕ್ಷಣ ಬದಿಗಿಟ್ಟರೆ, ಒಂಟಿ ತಾಯಿಯೊಬ್ಬಳು ತನ್ನವರನ್ನೇ ಕೂಡಿಸಿಕೊಂಡು ಕಟ್ಟಿಕೊಂಡ ಮನೆ ಅದು. ಅಲ್ಲಿಂದ ಮುಂದೆ ಹೆಣ್ಣುಮಕ್ಕಳಿಗೆ ಶಾಲೆ, ಬೋರ್ಡಿಂಗು, ಅನಾಥಾಲಯ ಬೆಳೆದವು. ಹದಿನಾರರ ಅನ್ನಾಳಿಗೆ ಬೇರೆ ಆಯ್ಕೆ ಎಷ್ಟಿತ್ತು ಎಂಬ ಪ್ರಶ್ನೆ ನನ್ನನ್ನೂ ಕಾಡುತ್ತದೆ. ಅದೇ ವಯಸ್ಸಿನಲ್ಲಿ ಅವಳಮ್ಮನ ಮದುವೆ ಮಾಡಿದವರು ಅವಳನ್ನು ಕೇಳಿದ್ದರೇ ಎಂಬುದೂ ಜೊತೆಗೇ ಕಾಡುತ್ತದೆ.

ಮುಂದೆ 1890ರಲ್ಲಿ ಲತೀನ್, ಸುರಿಯಾನಿ ರೀತಿಗಳ ಹೆಸರಿನಲ್ಲಿ ಸಭೆ ಒಡೆಯಿತು. ಲತೀನ್ ಶಾಖೆ ಏಲೀಶ್ವಾರನ್ನು ಸಂಸ್ಥಾಪಕಿ ಎನ್ನುತ್ತದೆ. ಸುರಿಯಾನಿ ಶಾಖೆ ಸಂತ ಚಾವರ ಕುರಿಯಾಕೋಸ್ ಏಲಿಯಾಸರನ್ನೂ ಇಟಲಿಯ ಪಾದ್ರಿ ಲೆಯೊಪೋಲ್ಡರನ್ನೂ ಸಂಸ್ಥಾಪಕರೆನ್ನುತ್ತದೆ. ಇಬ್ಬರೂ ದೊಡ್ಡವರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮಕ್ಕಳನ್ನು ಹೇಗೆ ಬೆಳೆಸಬೇಕೆಂದು ಇವತ್ತಿಗೂ ಕೇರಳದ ಕ್ರೈಸ್ತ ಮನೆಗಳಲ್ಲಿ ಓದಿಸುವ ಪುಸ್ತಕ, ಒಬ್ಬ ಒಳ್ಳೆಯ ಅಪ್ಪನ ಉಪದೇಶವೆಂದು 1868ರಲ್ಲಿ ಚಾವರ ಅವರು ಬರೆದದ್ದು. ಮಗುವನ್ನು ಹೆತ್ತು ಸಾಕಿದ ಏಲೀಶ್ವಾ ಆಗ ಅವರಿದ್ದ ಕೂನಮ್ಮಾವಿನಲ್ಲೇ ಇದ್ದರು. ತಾಯಂದಿರಿಗೆ ಬುದ್ಧಿ ಹೇಳುವ ಕೆಲಸ ಬ್ರಹ್ಮಚಾರಿ ಪಾದ್ರಿಗಳ ಪಾಲಿಗೆ ಬಂದದ್ದು ಹೀಗೆ. ಅವರು ತಾಳ್ಮೆಯನ್ನು ಹೊಗಳಿದರೆ ಆಶ್ಚರ್ಯವೇನು?

ಪ್ರಸಂಗಪೀಠಗಳಿಗೆ ಬಲು ಪ್ರಿಯವಾದದ್ದು ಬೈಬಲಿನ ಜ್ಞಾನೋಕ್ತಿಗಳ 31ನೇ ಅಧ್ಯಾಯದ ಗುಣವತಿ. ಕತ್ತಲಿರುವಾಗಲೇ ಎದ್ದು ಮನೆಮಂದಿಗೆ ಊಟ ಒದಗಿಸುತ್ತಾಳೆ, ರಾತ್ರಿ ಅವಳ ದೀಪ ಆರುವುದಿಲ್ಲ ಎಂಬಷ್ಟನ್ನು ಓದಿ ನಿಲ್ಲಿಸುತ್ತಾರೆ. ಕೂಸಿಗೆ ಹಾಲು ಕೊಡಲು ರಾತ್ರಿಯೆಲ್ಲ ಎದ್ದವಳು ಕೊನೆಯ ಬೆಂಚಿನಲ್ಲಿ ಕೂತು ಇದನ್ನು ಕೇಳಬೇಕು. ಅದೇ ಅಧ್ಯಾಯದಲ್ಲಿ ಆ ಗುಣವತಿಗೆ ದಾಸಿಯರಿದ್ದಾರೆ. ಹೊಲವೊಂದನ್ನು ನೋಡಿ ಕೊಳ್ಳುತ್ತಾಳೆ, ತನ್ನ ದುಡಿಮೆಯ ಹಣದಲ್ಲಿ ದ್ರಾಕ್ಷಿತೋಟ ಹಾಕಿಸುತ್ತಾಳೆ. ಆ ವಾಕ್ಯಗಳನ್ನು ಕೇರಳದ ಇಗರ್ಜಿಗಳು ಗಟ್ಟಿಯಾಗಿ ಓದಿದ್ದರೆ ಮೇರಿ ರಾಯ್ ಎಂಬ ತಾಯಿ ಆಸ್ತಿಯ ಪಾಲಿಗಾಗಿ ಕೋರ್ಟಿಗೆ ಹೋಗಬೇಕಾಗುತ್ತಿರಲಿಲ್ಲ. 1916ರ ತಿರುವಾಂಕೂರು ಕ್ರೈಸ್ತ ಉತ್ತರಾಧಿಕಾರ ಕಾಯ್ದೆಯಲ್ಲಿ ಮಗಳಿಗೆ ಸಿಗುತ್ತಿದ್ದದ್ದು ಮಗನ ಪಾಲಿನ ಕಾಲು ಭಾಗ ಅಥವಾ 5000 ರೂಪಾಯಿ, ಯಾವುದು ಕಡಿಮೆಯೋ ಅದು. ವಿಧವೆಗೂ ತಾಯಿಗೂ ಇದ್ದದ್ದು ಬದುಕಿರುವ ತನಕದ ಹಕ್ಕು ಮಾತ್ರ. ಮರುಮದುವೆಯಾದರೆ ಅದೂ ಹೋಯಿತು. ಗಂಡನನ್ನು ಬಿಟ್ಟು ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಬಂದ ಮೇರಿ ರಾಯ್ ಅವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1986ರಲ್ಲಿ ಆ ಕಾಯ್ದೆ 1951ರಿಂದಲೇ ಚಲಾವಣೆಯಲ್ಲಿಲ್ಲ ಎಂದು ತೀರ್ಪು ಕೊಟ್ಟಿತು. ತೀರ್ಪಿಗೆ ಮುನಿಸು ಬಂದದ್ದು ದೇವಮಾತೆಗೆ ವರ್ಷವಿಡೀ ಹೂವಿನ ಹಾರ ಹಾಕುವ ಸಮುದಾಯದ ಒಳಗಿಂದಲೇ.

ಬಾಣಂತಿಯ ಮನಸ್ಸು ಕುಸಿದಾಗ ತಾಳ್ಮೆಯ ಈ ಉಪದೇಶ ಇನ್ನೂ ಅಪಾಯಕಾರಿ. ಪ್ರಪಂಚದಲ್ಲಿ ಹೆರಿಗೆಯಾದ ತಾಯಂದಿರಲ್ಲಿ ಶೇ 13ರಷ್ಟು ಮಂದಿ, ಅಭಿವೃದ್ಧಿಶೀಲ ದೇಶಗಳಲ್ಲಿ ಶೇ 19.8ರಷ್ಟು ಮಂದಿ ಖಿನ್ನತೆಯಂಥ ಮಾನಸಿಕ ತೊಂದರೆಗೆ ಒಳಗಾಗುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂಥವಳಿಗೆ 'ಜಪಸರ ಸಾಲುತ್ತಿಲ್ಲ, ವಿಶ್ವಾಸ ಸಾಲುತ್ತಿಲ್ಲ' ಎನ್ನುವವರು ಸಮುವೇಲನ ಮೊದಲ ಪುಸ್ತಕವನ್ನು ತೆರೆಯಲಿ. ಮಕ್ಕಳಿಲ್ಲದ ಹನ್ನಳು ಗುಡಿಯಲ್ಲಿ ತುಟಿಯಾಡಿಸುತ್ತಾ ಅಳುತ್ತಿದ್ದಾಗ ಯಾಜಕ ಏಲಿ ಅವಳು ಕುಡಿದು ಬಂದಿದ್ದಾಳೆಂದು ಗದರಿದ. ನಾನು ಕುಡಿದಿಲ್ಲ, ನೊಂದಿದ್ದೇನೆ ಎಂದು ಆಕೆ ಎದುರುತ್ತರ ಕೊಟ್ಟಳು. ಅಲ್ಲಿ ತಪ್ಪು ತಿಳಿದವನು ಯಾಜಕ, ತಿದ್ದಿದವಳು ಹೆಂಗಸು.

ತಿರುವನಂತಪುರದಲ್ಲಿ ತಿದ್ದಿದವರು ಡಾ. ಮೇರಿ ಪುನ್ನನ್ ಲೂಕೋಸ್. ಹೆಣ್ಣೆಂಬ ಕಾರಣಕ್ಕೆ ಕಾಲೇಜಿನಲ್ಲಿ ವಿಜ್ಞಾನದ ಸೀಟು ಸಿಗದೆ, ಲಂಡನ್ನಿಗೆ ಹೋಗಿ ಡಾಕ್ಟರಾಗಿ ಬಂದ ಈ ಸುರಿಯಾನಿ ಆಂಗ್ಲಿಕನ್ ಹೆಣ್ಣುಮಗಳು 1916ರಲ್ಲಿ ತೈಕ್ಕಾಡಿನ ಹೆರಿಗೆ ಆಸ್ಪತ್ರೆ ಸೇರಿದರು. ಆಸ್ಪತ್ರೆಗೆ ಬರಲು ಬಸುರಿಯರು ಹೆದರುತ್ತಿದ್ದ ಕಾಲ. ಅವರು ಊರಿನ ಸೂಲಗಿತ್ತಿಯರನ್ನು ಬೈಯುತ್ತಾ ಕೂರದೆ, ಆ ಸೂಲಗಿತ್ತಿಯರ ಮಕ್ಕಳನ್ನೇ ಕರೆದು ಹೆರಿಗೆ ಶುಶ್ರೂಷೆಯ ತರಬೇತಿ ಕೊಟ್ಟರು. 1938ರಲ್ಲಿ ತಿರುವಾಂಕೂರಿನ ಸರ್ಜನ್ ಜನರಲ್ ಆದರು. 2018-20ರ ಲೆಕ್ಕದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ ತಾಯಂದಿರ ಸಾವು ಕೇರಳದಲ್ಲಿ 19, ನಮ್ಮ ಕರ್ನಾಟಕದಲ್ಲಿ 69. ಇದಕ್ಕೆ ಚರ್ಚೊಂದೇ ಕಾರಣವಲ್ಲ. ರಾಜಮನೆತನ, ಸರ್ಕಾರ, ಹೆಣ್ಣುಮಕ್ಕಳ ಓದು ಎಲ್ಲ ಸೇರಿದ ಲೆಕ್ಕ ಅದು. ಆದರೂ ಹೆರಿಗೆ ನೋವು ಹವ್ವಳಿಗೆ ಬಂದ ಶಾಪ, ಸಹಿಸಿಕೋ ಎಂದು ಬೈಬಲ್ಲು ತೆರೆದು ತೋರಿಸಬಹುದಾಗಿದ್ದ ಕಾಲದಲ್ಲಿ ಒಬ್ಬ ಕ್ರೈಸ್ತ ಹೆಂಗಸು ಏನು ಮಾಡಿದಳು ಎಂಬುದಕ್ಕೆ ಇದು ಸಾಕ್ಷಿ.

ತಿರುವನಂತಪುರದ ಕಡಲತಡಿಯ ಮಾತೇ ಬೇರೆ. 2017ರ ನವೆಂಬರ್ ಕೊನೆಯಲ್ಲಿ ಒಖಿ ಚಂಡಮಾರುತ ಬಡಿದಾಗ ಪೂಂತುರ, ವಿಳಿಂಜಂ ಇಗರ್ಜಿಗಳ ಮುಂದೆ ಕಾದು ಕೂತ ತಾಯಂದಿರಿಗೆ ಸಾಂತ್ವನದ ಪ್ರಸಂಗಕ್ಕಿಂತ ಮೊದಲು ಬೇಕಾಗಿದ್ದದ್ದು ಕಡಲಿಗೆ ಹೋದವರ ಹೆಸರಿನ ಪಟ್ಟಿ. 2022ರಲ್ಲಿ ವಿಳಿಂಜಂ ಬಂದರಿನ ವಿರುದ್ಧ ಲತೀನ್ ಮಹಾಧರ್ಮಪ್ರಾಂತ್ಯ ತಿಂಗಳುಗಟ್ಟಲೆ ಹೋರಾಡಿದಾಗ, ಕಡಲ್ಕೊರೆತಕ್ಕೆ ಮನೆ ಕಳೆದುಕೊಂಡು ವಲಿಯತುರದ ಗೋದಾಮಿನಲ್ಲಿ ಮಕ್ಕಳನ್ನು ಸಾಕುತ್ತಿದ್ದ ಹೆಂಗಸರೂ ಆ ಹೋರಾಟದ ಕಾರಣವಾಗಿದ್ದರು. ಹೋರಾಟದ ಬಗ್ಗೆ ತಕರಾರುಗಳಿವೆ, ಇರಲಿ. ಗೋದಾಮಿನ ಬದುಕನ್ನು ಶಿಲುಬೆಯೆಂದು ಹೊರು ಎಂದು ಆಗ ಯಾರೂ ಅವರಿಗೆ ಹೇಳಲಿಲ್ಲ.

ಹಾಗಾದರೆ ಇದೆಲ್ಲ ಸಮಾಜಸೇವೆ, ಇದರಲ್ಲಿ ನಂಬಿಕೆ ಎಲ್ಲಿ ಎಂದು ಕೇಳಬಹುದು. ಮರಿಯಳನ್ನೇ ನೋಡಿ. ಹನ್ನೆರಡರ ಮಗ ಹೇಳದೆ ಕೇಳದೆ ದೇವಾಲಯದಲ್ಲಿ ಉಳಿದುಕೊಂಡಾಗ, ಮೂರು ದಿನ ಹುಡುಕಿ ಸುಸ್ತಾದ ತಾಯಿ ಅವನನ್ನು ಎಲ್ಲರೆದುರೇ ಗದರುತ್ತಾಳೆ. ಕಾನಾ ಊರಿನ ಮದುವೆಯಲ್ಲಿ ದ್ರಾಕ್ಷಾರಸ ಮುಗಿದಾಗ, ನನ್ನ ಕಾಲ ಇನ್ನೂ ಬಂದಿಲ್ಲ ಎಂದ ಮಗನ ಮಾತನ್ನು ಅಲ್ಲೇ ಬಿಟ್ಟು ಆಳುಗಳ ಕಡೆ ತಿರುಗುತ್ತಾಳೆ. ಕೊಚ್ಚಿಯ ಕಲೂರಿನ ಸಂತ ಅಂತೋಣಿಯ ಗುಡಿಯಲ್ಲಿ ಮಂಗಳವಾರದ ನೊವೆನಾಕ್ಕೆ ಮಗುವನ್ನು ಸೊಂಟದ ಮೇಲಿಟ್ಟುಕೊಂಡು ನಿಂತವಳು ಈ ಮರಿಯಳ ಸಾಲಿನವಳು; ಅವಳು ಕೇಳಲು ಬಂದಿದ್ದಾಳೆ. ಗಂಡ ಕುಡಿತ ಬಿಡಲಿ, ಗಲ್ಫಿನಿಂದ ದುಡ್ಡು ಬರಲಿ, ಒಂದು ರಾತ್ರಿಯಾದರೂ ನಿದ್ದೆ ಬರಲಿ. ಕೇಳಿದ್ದೆಲ್ಲ ಸಿಗುತ್ತದೆಂದಲ್ಲ. ಆದರೆ ಮನೆಯಲ್ಲಿ ಬಾಯಿ ಬಿಡಲಾರದ್ದನ್ನು ನೂರಾರು ಜನರ ನಡುವೆ ನಿಂತು ಕೇಳುವುದು ಸರಿಯೆಂದು ಅವಳಿಗೆ ಹೇಳಿಕೊಟ್ಟದ್ದು ಅವಳ ಧರ್ಮವೇ.

ಈಗ ಧರ್ಮಕೇಂದ್ರಗಳಲ್ಲಿ ಕಥೋಲಿಕರಿಗೆ ಮಾತೃವೇದಿ, ಸಿಎಸ್‌ಐನವರಿಗೆ ಸ್ತ್ರೀಜನ ಸಖ್ಯಂ ಎಂದು ತಾಯಂದಿರ ಕೂಟಗಳಿವೆ. ಅವುಗಳ ವಾರ್ಷಿಕ ವರದಿಗಳಲ್ಲಿ ಎಷ್ಟು ಜಪಸರ, ಎಷ್ಟು ಧ್ಯಾನಕೂಟ, ಯಾವ ಪಾದ್ರಿಗಳ ಭಾಷಣ ಎಂಬ ಲೆಕ್ಕ ಸಿಗುತ್ತದೆ. ಭಾಷಣ ನಡೆಯುವಾಗ ಬಾಣಂತಿಯರ ಕೂಸುಗಳು ಯಾರ ಕೈಯಲ್ಲಿದ್ದವು, ಅವರ ಗಂಡಂದಿರು ಆಗ ಎಲ್ಲಿದ್ದರು ಎಂಬುದಕ್ಕೂ ಅದರಲ್ಲಿ ಒಂದು ಕಾಲಂ ಇರಲಿ.