ಹೇಳದ ಕಥೆ, ಪೂರ್ತಿಯಾಗದ ಆಣೆ: ‘ಬ್ರೋಕ್‌ಬ್ಯಾಕ್ ಮೌಂಟನ್’ ಚಿತ್ರದ ಅಂತ್ಯ – ಒಂದು ಜಾನಪದೀಯ ವಿವೇಚನೆ

ಜನಪದ ಕಥೆಗೂ ಐತಿಹ್ಯಕ್ಕೂ ಇರುವ ವ್ಯತ್ಯಾಸ ಅವುಗಳ ಮುಕ್ತಾಯದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ‘ಅವರು ಅಲ್ಲಿ ಸುಖವಾಗಿದ್ದಾರೆ, ನಾವು ಇಲ್ಲಿ ಹೀಗಿದ್ದೇವೆ’ ಎಂಬ ಬಗೆಯ ಸಿದ್ಧ ಮಾತಿನಿಂದ ಕಥೆಗಾರ್ತಿಯು ಕಥಾಲೋಕವನ್ನು ಮುಚ್ಚಿ, ಕೇಳುಗರನ್ನು ನಿತ್ಯದ ಬದುಕಿಗೆ ಮರಳಿಸುತ್ತಾಳೆ. ಐತಿಹ್ಯಕ್ಕೆ ಇಂತಹ ಮುಕ್ತಾಯವಿಲ್ಲ. ಅದು ನಿಲ್ಲುವುದು ‘ನಿಜವಾಗಿಯೂ ಹೀಗೆ ನಡೆಯಿತೇ’ ಎಂಬ ಪ್ರಶ್ನೆಯಲ್ಲಿ. ನಂಬುವವರು, ನಂಬದವರು, ಅನುಮಾನಿಸುವವರು ಸೇರಿ ನಡೆಸುವ ವಾದವೇ ಐತಿಹ್ಯದ ಜೀವಾಳವೆಂಬುದನ್ನು ಜಾನಪದ ವಿದ್ವಾಂಸೆ ಲಿಂಡಾ ಡೇಗ್ ಒತ್ತಿ ಹೇಳಿದ್ದಾರೆ. ಸಲಿಂಗಪ್ರೇಮದ ಚಿತ್ರಗಳಲ್ಲಿ ಬಹುಚರ್ಚಿತವಾದ ‘ಬ್ರೋಕ್‌ಬ್ಯಾಕ್ ಮೌಂಟನ್’ (2005) ಚಿತ್ರದ ಅಂತ್ಯವನ್ನು ಅರ್ಥೈಸಲು ಈ ವ್ಯತ್ಯಾಸವು ನೆರವಾಗುತ್ತದೆ.

ಆನಿ ಪ್ರೂ ಅವರ ಸಣ್ಣಕಥೆ 1997ರಲ್ಲಿ ‘ದ ನ್ಯೂಯಾರ್ಕರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಲ್ಯಾರಿ ಮೆಕ್‌ಮರ್ಟ್ರಿ ಮತ್ತು ಡಯಾನಾ ಒಸಾನಾ ಅದನ್ನು ಚಿತ್ರಕಥೆಯಾಗಿಸಿದರು. ಆ್ಯಂಗ್ ಲೀ ನಿರ್ದೇಶಿಸಿದರು. ವೆನಿಸ್ ಚಿತ್ರೋತ್ಸವದ ಚಿನ್ನದ ಸಿಂಹ ಪ್ರಶಸ್ತಿಯ ಜೊತೆಗೆ, 2006ರ ಸಮಾರಂಭದಲ್ಲಿ ನಿರ್ದೇಶನ, ರೂಪಾಂತರಿತ ಚಿತ್ರಕಥೆ ಹಾಗೂ ಸಂಗೀತಕ್ಕಾಗಿ ಮೂರು ಆಸ್ಕರ್ ಪ್ರಶಸ್ತಿಗಳು ಈ ಚಿತ್ರಕ್ಕೆ ಸಂದವು. 1963ರ ಬೇಸಿಗೆಯಲ್ಲಿ ಅಮೆರಿಕದ ವಯೋಮಿಂಗ್ ರಾಜ್ಯದ ಬೆಟ್ಟವೊಂದರಲ್ಲಿ ಕುರಿ ಕಾಯಲು ಹೋದ ಎನಿಸ್ ಡೆಲ್ ಮಾರ್ ಮತ್ತು ಜ್ಯಾಕ್ ಟ್ವಿಸ್ಟ್ ಎಂಬ ಇಬ್ಬರು ಬಡ ಯುವಕರಲ್ಲಿ ಪ್ರೇಮ ಮೂಡುತ್ತದೆ. ಮುಂದೆ ಇಬ್ಬರೂ ಮದುವೆಯಾಗಿ ತಂದೆಯರಾಗುತ್ತಾರೆ. ಮೀನು ಹಿಡಿಯುವ ನೆಪದಲ್ಲಿ ವರ್ಷಕ್ಕೆ ಕೆಲವು ದಿನ ಭೇಟಿಯಾಗುತ್ತ ಹಲವು ವರ್ಷ ಕಳೆಯುತ್ತಾರೆ. ಒಟ್ಟಿಗೆ ಬಾಳೋಣವೆಂಬ ಜ್ಯಾಕ್‌ನ ಬಯಕೆಗೆ ಎನಿಸ್ ಎಂದೂ ಒಪ್ಪುವುದಿಲ್ಲ. ಕೊನೆಗೊಂದು ದಿನ ಎನಿಸ್ ಬರೆದ ಅಂಚೆಕಾರ್ಡು, ವಿಳಾಸದಾರ ಮೃತನೆಂಬ ಮುದ್ರೆ ಹೊತ್ತು ಹಿಂದಿರುಗುತ್ತದೆ.

ಚಿತ್ರದ ಅಂತ್ಯಭಾಗದಲ್ಲಿ ಎರಡು ಸಂದಿಗ್ಧತೆಗಳಿವೆ. ಜ್ಯಾಕ್ ಸತ್ತದ್ದು ಹೇಗೆ ಎಂಬುದು ಮೊದಲನೆಯದು. ಕೊನೆಯ ದೃಶ್ಯದಲ್ಲಿ ಎನಿಸ್ ಆಡಲಾರಂಭಿಸಿ ನಿಲ್ಲಿಸುವ ಆಣೆಯ ಅರ್ಥವೇನು ಎಂಬುದು ಎರಡನೆಯದು. ವಿಮರ್ಶೆಯಲ್ಲಿ ಇವೆರಡನ್ನು ಬೇರೆ ಬೇರೆಯಾಗಿ ಚರ್ಚಿಸುವುದೇ ಹೆಚ್ಚು. ಆದರೆ ಇವು ಒಂದೇ ಪ್ರಶ್ನೆಯ ಎರಡು ಮುಖಗಳು: ಬದುಕನ್ನು ಆಳುವ ಕಥೆಯನ್ನು ಹೇಳುವವರು ಯಾರು, ಹೇಳಲಾಗದೆ ಉಳಿಯುವವರು ಯಾರು?

ಒಂದು ಸಾವು, ಎರಡು ಪಾಠಗಳು

ಜ್ಯಾಕ್‌ನ ಹೆಂಡತಿ ಲುರೀನ್ ದೂರವಾಣಿಯಲ್ಲಿ ಕೊಡುವ ವಿವರ ಹೀಗಿದೆ: ರಸ್ತೆಯ ಬದಿಯಲ್ಲಿ ಟೈರಿಗೆ ಗಾಳಿ ತುಂಬುವಾಗ ಅದು ಸಿಡಿಯಿತು, ರಿಮ್ಮು ಮುಖಕ್ಕೆ ಬಡಿಯಿತು, ಯಾರಾದರೂ ಬರುವಷ್ಟರಲ್ಲಿ ಆತ ತನ್ನದೇ ರಕ್ತದಲ್ಲಿ ಉಸಿರುಗಟ್ಟಿ ಸತ್ತಿದ್ದ. ಆಕೆಯ ದನಿ ಹಲವು ಬಾರಿ ಒಪ್ಪಿಸಿದ ಪಾಠದಂತೆ ಸಮತಟ್ಟಾಗಿದೆ. ಅದೇ ಹೊತ್ತಿಗೆ ತೆರೆಯ ಮೇಲೆ ಕೆಲವೇ ಕ್ಷಣ ಮತ್ತೊಂದು ಚಿತ್ರ ಮಿಂಚಿ ಮಾಯವಾಗುತ್ತದೆ: ಗಂಡಸರ ಗುಂಪೊಂದು ಒಬ್ಬನನ್ನು ಬಡಿದು ಕೊಲ್ಲುತ್ತಿದೆ. ಒಂದು ಪಾಠಕ್ಕೆ ಮಾತಿದೆ, ಚಿತ್ರವಿಲ್ಲ. ಇನ್ನೊಂದಕ್ಕೆ ಚಿತ್ರವಿದೆ, ಮಾತಿಲ್ಲ. ಕಣ್ಣಿಗೆ ಕಂಡದ್ದನ್ನೇ ಸತ್ಯವೆಂದು ಎಣಿಸುವ ಪ್ರೇಕ್ಷಕರು ಎರಡನೆಯದನ್ನು ಒಪ್ಪಿಬಿಡುವ ಸಾಧ್ಯತೆಯಿದೆ. ಆದರೆ ಆ ದೃಶ್ಯಕ್ಕೆ ಸಾಕ್ಷಿಯಾದ ಪಾತ್ರ ಯಾವುದೂ ಇಲ್ಲ. ಅದು ಮೂಡುವುದು ದೂರವಾಣಿ ಹಿಡಿದು ನಿಂತ ಎನಿಸ್‌ನ ಮನಸ್ಸಿನಲ್ಲಿ. ಮೂಲಕಥೆಯಲ್ಲಿಯೂ ಮೊದಲು ಅನುಮಾನಿಸುವ ಎನಿಸ್ ಬಳಿಕ ಕೊಲೆಯೇ ನಡೆದಿದೆಯೆಂದು ನಿಶ್ಚಯಿಸುತ್ತಾನೆ. ಅಲ್ಲಿಯೂ ಅದು ಪಾತ್ರದ ನಿಶ್ಚಯವೇ ಹೊರತು ಪ್ರತ್ಯಕ್ಷದರ್ಶಿಯ ಹೇಳಿಕೆಯಲ್ಲ.

ಎನಿಸ್‌ನ ಮನಸ್ಸಿಗೆ ಈ ಚಿತ್ರ ಎಲ್ಲಿಂದ ಬಂತು ಎಂಬುದನ್ನು ಚಿತ್ರವೇ ಮೊದಲು ತೋರಿಸಿದೆ. ಒಟ್ಟಿಗೆ ಬಾಳುವ ಮಾತು ಬಂದಾಗ ಎನಿಸ್ ತನ್ನ ಬಾಲ್ಯದ ಸಂಗತಿಯೊಂದನ್ನು ಹೇಳುತ್ತಾನೆ. ಅವನ ಊರಿನ ಬಳಿ ಅರ್ಲ್ ಮತ್ತು ರಿಚ್ ಎಂಬ ಇಬ್ಬರು ಗಂಡಸರು ಒಟ್ಟಿಗೆ ದನಕರು ಸಾಕಿಕೊಂಡು ಬಾಳುತ್ತಿದ್ದರು. ಅರ್ಲ್‌ನನ್ನು ಟೈರು ಬಿಚ್ಚುವ ಕಬ್ಬಿಣದ ಸರಳಿನಿಂದ ಬಡಿದು ಕೊಂದು ಹಳ್ಳದಲ್ಲಿ ಎಸೆಯಲಾಯಿತು. ಒಂಬತ್ತು ವರ್ಷದ ಎನಿಸ್‌ನನ್ನೂ ಅವನ ಅಣ್ಣನನ್ನೂ ತಂದೆ ಕರೆದೊಯ್ದು ಆ ಶವವನ್ನು ತೋರಿಸಿದ. ಕೊಂದವನು ತಂದೆಯೇ ಇರಬಹುದೆಂಬ ಅನುಮಾನವೂ ಎನಿಸ್‌ಗಿದೆ.

ಸಮುದಾಯದ ಒಪ್ಪಿತ ನಡವಳಿಕೆಗೆ ವ್ಯಕ್ತಿಗಳನ್ನು ಬದ್ಧಗೊಳಿಸುವುದು ಜಾನಪದದ ನಾಲ್ಕು ಕಾರ್ಯಗಳಲ್ಲಿ ಒಂದೆಂದು ವಿಲಿಯಂ ಬ್ಯಾಸ್ಕಮ್ 1954ರಲ್ಲಿ ಗುರುತಿಸಿದರು. ಈ ಕಾರ್ಯವನ್ನು ಗಾದೆ, ಒಗಟು, ಲಾಲಿಗಳ ಮೂಲಕ ಸೌಮ್ಯವಾಗಿ ವಿವರಿಸುವುದು ವಾಡಿಕೆ. ಅರ್ಲ್‌ನ ಐತಿಹ್ಯ ಅದರ ಕ್ರೂರ ಮುಖವನ್ನು ತೋರಿಸುತ್ತದೆ. ತಂದೆ ಇಲ್ಲಿ ಉಪದೇಶದ ಮಾತಿನ ಬದಲು ಶವವನ್ನೇ ತೋರಿಸುತ್ತಾನೆ. ಇಂತಹವರು ಹೀಗೆ ಸಾಯುತ್ತಾರೆ ಎಂಬುದಷ್ಟೇ ಆ ಐತಿಹ್ಯದ ಸಾರ. ಆದ್ದರಿಂದ ಮೂವತ್ತು ವರ್ಷಗಳ ನಂತರ ಜ್ಯಾಕ್ ಸತ್ತ ಸುದ್ದಿ ಬಂದಾಗ ಎನಿಸ್‌ಗೆ ಬೇರೆ ವಿವರಣೆ ಹೊಳೆಯುವುದಿಲ್ಲ. ಲುರೀನ್‌ಳ ಮಾತಿನಲ್ಲಿಯೂ ಟೈರು ಬರುತ್ತದೆ. ಎನಿಸ್‌ನ ಕಲ್ಪನೆ ಅದನ್ನು ಟೈರು ಬಿಚ್ಚುವ ಸರಳಾಗಿ ಮಾರ್ಪಡಿಸುತ್ತದೆ. ಹಳೆಯ ಆಶಯವೊಂದು ಹೊಸ ಘಟನೆಯನ್ನು ತನ್ನ ಅಚ್ಚಿಗೆ ಹೊಯ್ದುಕೊಳ್ಳುವ ಬಗೆ ಇದು.

ಹಾಗೆಂದು ಎನಿಸ್‌ನ ಭಯವನ್ನು ಬರಿಯ ಭ್ರಮೆಯೆಂದು ತಳ್ಳಿಹಾಕುವಂತಿಲ್ಲ. ಪ್ರೂ ಅವರ ಕಥೆ ಪ್ರಕಟವಾದ ಮರುವರ್ಷ, 1998ರ ಅಕ್ಟೋಬರ್‌ನಲ್ಲಿ, ಅದೇ ವಯೋಮಿಂಗ್‌ನ ಲಾರಮಿಯ ಬಳಿ ಮ್ಯಾಥ್ಯೂ ಶೆಪರ್ಡ್ ಎಂಬ 21 ವರ್ಷದ ಸಲಿಂಗಪ್ರೇಮಿ ವಿದ್ಯಾರ್ಥಿಯನ್ನು ಬೇಲಿಗೆ ಕಟ್ಟಿ ಥಳಿಸಲಾಯಿತು. ಆತ ಆಸ್ಪತ್ರೆಯಲ್ಲಿ ಮೃತನಾದ. ಐತಿಹ್ಯಗಳು ಕೇವಲ ಹೇಳಲ್ಪಡುವುದಿಲ್ಲ, ಕೆಲವೊಮ್ಮೆ ಕೃತಿಯಲ್ಲಿ ಆಚರಿಸಲ್ಪಡುತ್ತವೆ ಎಂದು ಡೇಗ್ ಮತ್ತು ಆಂಡ್ರ್ಯೂ ವಾಝೊನಿ 1983ರಲ್ಲಿ ಎಚ್ಚರಿಸಿದ್ದರು. ಎರಡು ಪಾಠಗಳಲ್ಲಿ ಒಂದನ್ನು ಚಿತ್ರವು ಆಯ್ದುಕೊಳ್ಳದಿರುವುದು ಈ ಕಾರಣದಿಂದ ಅರ್ಥಪೂರ್ಣ. ಜ್ಯಾಕ್‌ನದು ಅಪಘಾತವೇ ಆಗಿದ್ದರೂ, ಅದನ್ನು ಅಪಘಾತವೆಂದು ನಂಬುವ ಸ್ವಾತಂತ್ರ್ಯವನ್ನು ಆ ಸಮಾಜ ಎನಿಸ್‌ಗೆ ಉಳಿಸಿಲ್ಲ.

ಗೂಟದ ಕೋಟು ಮತ್ತು ಎರಡು ಅಂಗಿಗಳು

ತಂದೆಯ ಈ ಕಥೆಗೆ ಎದುರಾಗಿ ನಿಲ್ಲಬಲ್ಲ ಕಥೆಯೊಂದು ಎನಿಸ್ ಮತ್ತು ಜ್ಯಾಕ್‌ರ ಬಳಿ ಇತ್ತು. ಆದರೆ ಅವರು ಅದನ್ನು ಯಾರಿಗೂ ಹೇಳಲಾಗಲಿಲ್ಲ. ಹೇಳದ ಕಥೆ ಏನಾಗುತ್ತದೆ ಎಂಬುದಕ್ಕೆ ಕನ್ನಡದ ಜನಪದ ಕಥೆಯೊಂದು ಉತ್ತರ ಕೊಡುತ್ತದೆ. ಎ. ಕೆ. ರಾಮಾನುಜನ್ ಸಂಗ್ರಹಿಸಿದ ಈ ಕಥೆ, ಅವರ ನಿಧನಾನಂತರ 1997ರಲ್ಲಿ ಹೊರಬಂದ ‘ಎ ಫ್ಲವರಿಂಗ್ ಟ್ರೀ’ ಸಂಕಲನದಲ್ಲಿದೆ. ಒಬ್ಬ ಗೃಹಿಣಿಗೆ ಒಂದು ಕಥೆಯೂ ಒಂದು ಹಾಡೂ ಗೊತ್ತಿದ್ದವು. ಅವನ್ನು ಆಕೆ ಯಾರಿಗೂ ಹೇಳಲಿಲ್ಲ. ಒಳಗೆ ಉಸಿರುಗಟ್ಟಿದ ಅವು ಆಕೆ ಮಲಗಿದ್ದಾಗ ಹೊರಬಿದ್ದವು. ಕಥೆ ಜೋಡಾಗಿ ಬಾಗಿಲ ಬಳಿ ಕುಳಿತಿತು, ಹಾಡು ಕೋಟಾಗಿ ಗೂಟಕ್ಕೆ ತೂಗಿತು. ಗಂಡ ಬಂದು ನೋಡಿ, ಮನೆಗೆ ಯಾರೋ ಬಂದಿದ್ದಾರೆಂದು ಶಂಕಿಸಿ, ಜಗಳವಾಡಿ, ಹನುಮಂತನ ಗುಡಿಗೆ ಹೋಗಿ ಮಲಗಿದ. ರಾತ್ರಿ ಅಲ್ಲಿ ಸೇರಿದ ಊರಿನ ದೀಪಗಳ ಮಾತಿನಿಂದ ನಿಜಸಂಗತಿ ತಿಳಿಯಿತು. ಆತ ಮನೆಗೆ ಬಂದು ಕೇಳುವಷ್ಟರಲ್ಲಿ ಆಕೆಗೆ ಕಥೆಯೂ ಹಾಡೂ ಮರೆತುಹೋಗಿದ್ದವು.

ಚಿತ್ರದಲ್ಲಿ ಎನಿಸ್ ಲೈಟ್ನಿಂಗ್ ಫ್ಲ್ಯಾಟ್‌ನಲ್ಲಿರುವ ಜ್ಯಾಕ್‌ನ ತಂದೆತಾಯಿಯರ ಮನೆಗೆ ಹೋಗುತ್ತಾನೆ. ಇತ್ತೀಚೆಗೆ ಜ್ಯಾಕ್ ಬೇರೊಬ್ಬ ಗಂಡಸನ್ನು ಕರೆತರುವ ಮಾತಾಡುತ್ತಿದ್ದನೆಂದು ತಂದೆ ಕುಟುಕುತ್ತಾನೆ. ಆ ಮಾತನ್ನು ಕೇಳಿ ಮಹಡಿ ಹತ್ತಿದ ಎನಿಸ್‌ಗೆ ಗೂಡಿನಲ್ಲಿ ಎರಡು ಅಂಗಿಗಳು ಸಿಗುತ್ತವೆ. 1963ರಲ್ಲಿ ಬೆಟ್ಟದ ಮೇಲೆಯೇ ಮರೆತುಬಂದೆನೆಂದು ಅವನು ತಿಳಿದಿದ್ದ, ರಕ್ತದ ಕಲೆಯಿರುವ ತನ್ನ ಅಂಗಿ ಜ್ಯಾಕ್‌ನ ಅಂಗಿಯ ಒಳಗೆ ಭದ್ರವಾಗಿದೆ. ಜನಪದ ಕಥೆಯ ಗಂಡನಿಗೆ ಬಟ್ಟೆ ಅನುಮಾನವನ್ನು ಹುಟ್ಟಿಸಿದರೆ, ಇಲ್ಲಿ ಆಗಷ್ಟೇ ಹುಟ್ಟಿದ ಅನುಮಾನಕ್ಕೆ ಬಟ್ಟೆಯೇ ಉತ್ತರವಾಗುತ್ತದೆ. ಜ್ಯಾಕ್ ಬಾಯಿಬಿಟ್ಟು ಹೇಳದ ಕಥೆ ಅಂಗಿಯ ರೂಪದಲ್ಲಿ ಕಾದಿತ್ತು. ಆದರೆ ಅದನ್ನು ಓದಬಲ್ಲವನು ಎನಿಸ್ ಒಬ್ಬನೇ. ಮರುಮಾತಿಲ್ಲದೆ ಅಂಗಿಗಳನ್ನು ಚೀಲಕ್ಕೆ ಹಾಕಿಕೊಡುವ ತಾಯಿ ಅದನ್ನು ಅರಿತಿರಬಹುದೆಂದು ಚಿತ್ರ ಸೂಚಿಸುತ್ತದೆ, ಹೇಳುವುದಿಲ್ಲ.

ಸಾಕ್ಷಿಯಿಲ್ಲದ ಆಣೆ

ಮೂಲಕಥೆಯಲ್ಲಿ ಎನಿಸ್ ಆ ಅಂಗಿಗಳನ್ನು ಟ್ರೇಲರ್ ಮನೆಯ ಗೋಡೆಯ ಮೊಳೆಗೆ ತೂಗುಹಾಕುತ್ತಾನೆ. ಚಿತ್ರ ಅವನ್ನು ಕಪಾಟಿನ ಬಾಗಿಲ ಒಳಮೈಗೆ ಸರಿಸಿದೆ. ಮೂಲದಲ್ಲಿಲ್ಲದ ಮಗಳ ಭೇಟಿಯನ್ನೂ ಸೇರಿಸಿದೆ. ಅಂತ್ಯದ ಸಂದಿಗ್ಧತೆ ಈ ಎರಡು ಬದಲಾವಣೆಗಳಿಂದ ಬಂದದ್ದು. ಬಾಗಿಲು ಮುಚ್ಚುವುದನ್ನು ಗಮನಿಸಿದವರು ಎನಿಸ್ ಮತ್ತೆ ಗುಟ್ಟಿಗೆ ಮರಳಿದನೆನ್ನುತ್ತಾರೆ. ಕೆಲಸದ ನೆವ ಹೇಳಿದ ಬಳಿಕವೂ ಮಗಳ ಮದುವೆಗೆ ಬರಲು ಒಪ್ಪುವುದನ್ನು ಗಮನಿಸಿದವರು ಅವನು ಬದಲಾದನೆನ್ನುತ್ತಾರೆ. ಎರಡಕ್ಕೂ ಆಧಾರವಿದೆ.

ಆದರೆ ಕೊನೆಯ ಆಣೆಯನ್ನು ಮದುವೆಯ ಪಕ್ಕದಲ್ಲಿಟ್ಟು ನೋಡಬೇಕು. ಆ ಹುಡುಗ ನಿನ್ನನ್ನು ಪ್ರೀತಿಸುತ್ತಾನೆಯೇ ಎಂದು ಎನಿಸ್ ಮಗಳನ್ನು ಕೇಳುತ್ತಾನೆ. ಜ್ಯಾಕ್‌ನ ಎದುರು ಎಂದೂ ಆಡದ ಪದ ಅದು. ಮಗಳ ಪ್ರೇಮಕ್ಕೆ ಇಗರ್ಜಿಯಿದೆ, ನೆರೆದ ಬಂಧುಗಳಿದ್ದಾರೆ, ಸಾಕ್ಷಿಗಳ ಎದುರು ಆಡುವ ವಚನವಿದೆ. ಆಕೆ ಹೋದ ಬಳಿಕ ಕಪಾಟು ತೆರೆದ ಎನಿಸ್ ಜ್ಯಾಕ್‌ನ ಹೆಸರು ಹಿಡಿದು ಆಣೆಯಿಡಲು ತೊಡಗಿ ಅಲ್ಲಿಗೇ ನಿಲ್ಲಿಸುತ್ತಾನೆ. ಜನಪದ ಬದುಕಿನಲ್ಲಿ ಆಣೆಗೆ ಮೂರು ಅಂಗಗಳು: ಆಣೆಯಿಡುವವರು, ಆಣೆಯ ವಿಷಯ, ಅದಕ್ಕೆ ಸಾಕ್ಷಿ. ದೇವರ ಮುಂದೆಯೋ ದೀಪದ ಮುಂದೆಯೋ ಹತ್ತು ಜನರ ಮುಂದೆಯೋ ಆಣೆಯಿಡುವುದು ಈ ಕಾರಣಕ್ಕೆ. ಎನಿಸ್‌ನ ಆಣೆಯಲ್ಲಿ ಮೊದಲನೆಯದಷ್ಟೇ ಇದೆ. ಅವನಿಗೆ ಹೇಳಲು ಏನೂ ಇಲ್ಲವೆಂದಲ್ಲ. ಅದನ್ನು ಕೇಳಿಸಿಕೊಳ್ಳುವ ಸಮುದಾಯವಿಲ್ಲದ ಕಾರಣ ಮಾತು ರೂಪ ಪಡೆಯುವುದಿಲ್ಲ.

ಇಲ್ಲಿ ಹೋಲಿಕೆಯ ಮಿತಿಯನ್ನೂ ಗುರುತಿಸಬೇಕು. ಜನಪದ ಕಥೆಯ ಗೃಹಿಣಿ ತನಗೆ ಅರಿವಿಲ್ಲದೆಯೇ ಕಥೆಯನ್ನು ಕಳೆದುಕೊಂಡಳು. ಎನಿಸ್ ಮರೆತಿಲ್ಲ. ಅಂಗಿಯ ಗುಂಡಿ ಹಾಕುತ್ತಾನೆ, ಬೆಟ್ಟದ ಚಿತ್ರವಿರುವ ಅಂಚೆಕಾರ್ಡನ್ನು ನೇರಗೊಳಿಸುತ್ತಾನೆ. ಜ್ಯಾಕ್‌ನ ಮನೆಯಲ್ಲಿ ಒಳಗಿದ್ದ ಅವನ ಅಂಗಿ ಈಗ ಹೊರಗಿದ್ದು, ಜ್ಯಾಕ್‌ನ ಅಂಗಿಯನ್ನು ಅಪ್ಪಿಕೊಂಡಿದೆ. ಕಥೆ ಮರೆವಿಗೂ ಸಂದಿಲ್ಲ, ಮಾತಿಗೂ ಬಂದಿಲ್ಲ. ಈ ನಡುವಣ ಸ್ಥಿತಿಯನ್ನೇ ಚಿತ್ರ ತನ್ನ ಅಂತ್ಯವಾಗಿಸಿದೆ.

ಆದುದರಿಂದ ಈ ಅಂತ್ಯ ದುರಂತವೋ ಭರವಸೆಯೋ ಎಂಬ ಪ್ರಶ್ನೆಗಿಂತ, ತಂದೆಯ ಐತಿಹ್ಯ ಊರೆಲ್ಲ ಓಡಾಡುವಾಗ ಮಗನ ಪ್ರೇಮಕಥೆ ಕಪಾಟಿನಲ್ಲಿ ತೂಗುವುದೇಕೆ ಎಂಬುದು ಮುಖ್ಯವಾಗುತ್ತದೆ. ಕಥನ ಪರಂಪರೆಗಳನ್ನು ಸಂಗ್ರಹಿಸುವ ಜಾನಪದ ಅಧ್ಯಯನಕ್ಕೂ ಇದು ಸಂಬಂಧಿಸಿದ ಪ್ರಶ್ನೆ. ಸಂಗ್ರಹಕ್ಕೆ ಸಿಗುವುದು ಹೇಳಲ್ಪಟ್ಟ ಕಥೆಗಳು ಮಾತ್ರ. ಯಾರ ಬದುಕು ಅವರ ಬಾಯಲ್ಲೇ ಕಥೆಯಾಗಲು ಅವಕಾಶ ಪಡೆಯಲಿಲ್ಲವೋ ಅವರ ಕುರಿತು ಉಳಿಯುವುದು ಇತರರು ಕಟ್ಟಿದ ಐತಿಹ್ಯಗಳೇ. ಒಂದು ಸಮುದಾಯದ ಕಥೆಗಳನ್ನು ಓದುವಾಗ ಅದರ ಗೂಟಗಳಲ್ಲಿ ಯಾರ ಕೋಟು ತೂಗುತ್ತಿದೆ ಎಂಬುದನ್ನೂ ಕೇಳಬೇಕಾಗುತ್ತದೆ.