ಬಾಯಿಗೆ ಬಾರದ ಸಾಲು

ನಮ್ಮ ಹುಡುಗರು ಕಥೆಯನ್ನೋ ಕವಿತೆಯನ್ನೋ ಬರೆದು ತಂದರೆ ನಾನು ಕೈಗೆ ತೆಗೆದುಕೊಳ್ಳುವುದಿಲ್ಲ. ‘ನೀನೇ ಗಟ್ಟಿಯಾಗಿ ಓದು ಮಾರಾಯ’ ಅನ್ನುತ್ತೇನೆ. ಅರ್ಧ ಪುಟ ದಾಟುವುದರೊಳಗೆ ಓದುವವನ ಮುಖ ಸಪ್ಪಗಾಗುತ್ತದೆ. ತಾನೇ ಬರೆದ ಸಾಲು ತನ್ನ ನಾಲಗೆಯ ಮೇಲೆ ಹೊರಳುವುದಿಲ್ಲ. ನಾನು ಹೇಳುವ ಮೊದಲೇ ಪೆನ್ನು ತೆಗೆದು ಹೊಡೆದುಹಾಕುತ್ತಾನೆ.

ಇದನ್ನು ನನಗೆ ಕಲಿಸಿದ್ದು ಕಾವ್ಯಮೀಮಾಂಸೆಯಲ್ಲ, ಸಿದ್ಧಕಟ್ಟೆಯ ಒಂದು ಜಗಲಿ. ಅಲ್ಲಿ ನನ್ನ ದೊಡ್ಡಮ್ಮ ತಡ್ಪೆಯನ್ನು ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದಳು. ಅಕ್ಷರ ಬಾರದವಳು. ಅವಳ ಮೇಲೇ ಒಂದು ಕಥೆ ಬರೆದು, ಹೆಮ್ಮೆಯಿಂದ ಓದಿ ಹೇಳಿದೆ: ‘ದಾರಿದ್ರ್ಯದ ದಾವಾನಲದಲ್ಲಿ ಬೆಂದ ಆಕೆಯ ಬೆರಳುಗಳು ನಿರಂತರ ಶ್ರಮಗೀತೆಯನ್ನು ಹಾಡುತ್ತಿದ್ದವು.’ ಅವಳು ಕೈ ನಿಲ್ಲಿಸದೆ ಕೇಳಿದಳು: ‘ಉಂದು ಏರೆನ ಪಾತೆರ ಮಗಾ?’ ಇದು ಯಾರ ಮಾತು ಅಂತ. ಬೆರಳು ಹಾಡಲಿಕ್ಕಿಲ್ಲ, ಸೊಂಟ ನೋಯುವುದು ಅಂತಲೂ ಹೇಳಿದಳು.

ಯಾರ ಮಾತು? ನಮ್ಮ ಮನೆಯ ಮಾತು ತುಳು. ಕನ್ನಡ ಬಂದದ್ದು ಶಾಲೆಯಿಂದ, ಪಾಠಪುಸ್ತಕದಿಂದ. ಶೋಷಣೆಯ ವಿರುದ್ಧ ಬರೆಯಲು ಕೂತಾಗಲೂ ನಮ್ಮ ಕೈ ಹಿಡಿದು ಬರೆಸುವವರು ಆ ಪುಸ್ತಕದ ಪಂಡಿತರೇ. ಕಣ್ಣಿಗೆ ಇದು ಗೊತ್ತಾಗುವುದಿಲ್ಲ. ಕಿವಿಗೆ ಕೂಡಲೇ ಗೊತ್ತಾಗುತ್ತದೆ. ಇದೇ ಊರುಗಳ ಗದ್ದೆಗಳಲ್ಲಿ ನಾಟಿ ಮಾಡುತ್ತಾ ಹೆಂಗಸರು ಪಾಡ್ದನ ಹೇಳುತ್ತಿದ್ದರು. ಒಬ್ಬಳು ಎತ್ತಿಕೊಟ್ಟದ್ದನ್ನು ಉಳಿದವರು ತಿರುಗಿ ಹೇಳಬೇಕು. ಬಗ್ಗಿದ ಬೆನ್ನಿನ ಉಸಿರಿಗೆ ಸಿಗದ ಸಾಲು ಅಲ್ಲೇ ಬಿದ್ದುಹೋಗುತ್ತಿತ್ತು. ನಮ್ಮ ಅಕ್ಷರಸ್ಥರ ಸಾಹಿತ್ಯಕ್ಕೆ ಆ ಪರೀಕ್ಷೆ ತಪ್ಪಿಹೋಗಿದೆ.

ಆದರೆ ಗಟ್ಟಿಯಾಗಿ ಓದಿದರೆ ಎಲ್ಲ ಸರಿಹೋಗುತ್ತದೆಂದು ತಿಳಿಯಬೇಡಿ ಗೆಳೆಯರೇ. ಗಂಟಲೂ ಮೋಸ ಮಾಡುತ್ತದೆ. ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಬಂದದ್ದು 1975ರಲ್ಲಿ. ಅವರ ಹಾಡುಗಳು ದಲಿತ ಸಂಘರ್ಷ ಸಮಿತಿಯ ಮೆರವಣಿಗೆಗಳಲ್ಲಿ ಸಾವಿರಾರು ಬಾಯಿಗಳಿಗೆ ಬಂದವು. ಆಡುಮಾತಿನ ಲಯದಲ್ಲೇ ಹುಟ್ಟಿದ್ದಕ್ಕೆ ನಿಂತವು. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಕಟ್ಟಿದ ಮೇಲೆ ಬರೆದ ನಾವು ಅನೇಕರು ಅವರಿಂದ ಕಲಿತದ್ದು ಬರೇ ಆಶ್ಚರ್ಯಸೂಚಕ ಚಿಹ್ನೆ! ವೇದಿಕೆಯ ಮೇಲೆ ಕೂಗಿ ಓದಿದರೆ ಟೊಳ್ಳು ಸಾಲಿಗೂ ಚಪ್ಪಾಳೆ ಬೀಳುತ್ತದೆ. ಆ ಚಪ್ಪಾಳೆ ಎಷ್ಟು ಕವಿಗಳನ್ನು ಹಾಳುಮಾಡಿತೋ! ಅದಕ್ಕೇ ತಿದ್ದಲು ಓದುವಾಗ ಭಾಷಣದ ದನಿ ಬಿಡಬೇಕು, ಅಂಗಡಿಯ ಲೆಕ್ಕ ಓದಿದ ಹಾಗೆ ಓದಬೇಕು. ಆಗಲೂ ಉಳಿದ ಸಾಲು ಉಳಿಯಲಿ. ಇನ್ನೊಬ್ಬರ ಕೈಲಿ ಓದಿಸಿದರೆ ಇನ್ನೂ ಒಳ್ಳೆಯದು. ನಾವು ಮನಸ್ಸಿನಲ್ಲೇ ಸೇರಿಸಿಕೊಂಡು ಓದುವ ಅರ್ಥ ಅವರಿಗೆ ಸಿಗುವುದಿಲ್ಲ.

ಆಡುಮಾತು ಅಂದರೆ ಸಲೀಸು ಮಾತು ಎಂದೂ ಅಲ್ಲ. ದೇವನೂರ ಮಹಾದೇವರ ‘ಕುಸುಮಬಾಲೆ’ ಬಂದಾಗ ಕಣ್ಣಲ್ಲಿ ಓದಿದ ಹಲವರು ಅರ್ಥವಾಗಲಿಲ್ಲ ಅಂದರು. ನನಗೂ ಆಗಿರಲಿಲ್ಲ. ನಂಜನಗೂಡು ಕಡೆಯ ಆ ಮಾತು ನನಗೆ ಪರದೇಶವೇ. ಬಾಯಿಬಿಟ್ಟು ಓದಿದ ಮೇಲೆ ಬಿಚ್ಚಿಕೊಂಡಿತು. ಎಲ್. ಬಸವರಾಜು ಅವರು ಮುಂದೆ ಆ ಗದ್ಯವನ್ನು ಪದ್ಯದಂತೆ ಸಾಲು ಒಡೆದು ಜೋಡಿಸಿದ್ದು ಸುಮ್ಮನೆ ಅಲ್ಲ.

ನನ್ನ ಕಥೆಯ ಮಾತು ಇನ್ನೂ ಮುಗಿದಿಲ್ಲ. ಅದರಲ್ಲಿ ಬೀಡಿ ಬ್ರಾಂಚಿನವನು ಅವಳನ್ನು ಜಾತಿ ಹಿಡಿದು ಬೈಯುವ ಒಂದು ಸಾಲಿತ್ತು. ಕಾಗದದ ಮೇಲೆ ಧೈರ್ಯವಾಗಿ ಬರೆದಿದ್ದೆ. ಅವಳ ಎದುರು ಓದುವಾಗ ದನಿ ಇಳಿಯಿತು, ಆ ಶಬ್ದ ನುಂಗಿ ಮುಂದಿನ ಸಾಲಿಗೆ ಹಾರಿದೆ. ಅವಳು ಬಿಡಲಿಲ್ಲ. ‘ಏನದು ನುಂಗಿದ್ದು?’ ಹೇಳಿದೆ. ಅವಳಿಗೆ ಸಿಟ್ಟು ಬರಲಿಲ್ಲ. ‘ಅವ ಬಾಯಲ್ಲಿ ಹಾಗೆ ಹೇಳಲಿಕ್ಕಿಲ್ಲ ಮಗಾ. ಬೇರೆಯವರ ಪಾಸ್‌ಬುಕ್ಕು ಕೈಗೆ ಕೊಡ್ತಾನೆ. ನನ್ನದನ್ನು ಹಲಗೆ ಮೇಲೆ ಬಿಸಾಡ್ತಾನೆ’ ಅಂದಳು.

ಎಷ್ಟೋ ಸಲ ಅವಳ ಜೊತೆ ಆ ಬ್ರಾಂಚಿಗೆ ಹೋದವನು ನಾನು. ಕಂಡದ್ದನ್ನು ಬಿಟ್ಟು, ಓದಿದ ಕಥೆಗಳ ಬೈಗುಳ ತಂದು ಹಾಕಿದ್ದೆ. ಆ ರಾತ್ರಿಯೇ ಬೈಗುಳ ತೆಗೆದು ಪಾಸ್‌ಬುಕ್ಕು, ಹಲಗೆ ಹಾಕಿದೆ. ಬೆರಳಿನ ಹಾಡೂ ಹೋಯಿತು. ಕಥೆ ಒಂದೂವರೆ ಪುಟ ಕಡಿಮೆಯಾಯಿತು.